ಯಜಮಾನರ ಕಿವಿಯೂ ಗಂಟೆಯೊಳಗಿನ ರಾಣಿಯೂ

“ನೋಡ್ತಾ ಇರು ಇಸ್ತ್ರಿಯಕ್ಕ, ಈ ಮನುಷ್ಯನ ಕಿವಿಯೊಳಗೆ ನನ್ನ ಒಂದು ಮಾತನ್ನಾದರೂ ತಲೆಯಿಂದ ಬಾಲದವರೆಗೆ ಪೂರ್ತಿ ಇಳಿಸದೆ ನಾನು ಕಣ್ಣು ಮುಚ್ಚೋಳಲ್ಲ!”

ಗುಂಡಿಯಮ್ಮ ಸೂಜಿಗೆ ದಾರ ಪೋಣಿಸುತ್ತಾ ಇಂಥ ಘೋರ ಪ್ರತಿಜ್ಞೆ ಮಾಡಿದಾಗ ಪಕ್ಕದ ಮನೆಯ ಇಸ್ತ್ರಿಯಕ್ಕ ಕಿಸಕ್ಕನೆ ನಕ್ಕಳು. ರಾಜರು ಕೋಟೆ ಗೆಲ್ಲುತ್ತೇನೆಂದು ಶಪಥ ಮಾಡುತ್ತಾರೆ, ಶೂರರು ಶತ್ರುವಿನ ತಲೆ ತರುತ್ತೇನೆನ್ನುತ್ತಾರೆ. ಈಕೆ ಗೆಲ್ಲಬೇಕೆಂದು ಹೊರಟದ್ದು ಅರ್ಧ ಅಂಗೈಯಗಲದ ಒಂದು ಕಿವಿಯನ್ನು! ಆದರೆ ಆ ಕಿವಿಯನ್ನು ಹತ್ತಿರದಿಂದ ಬಲ್ಲವರು ನಗುತ್ತಿರಲಿಲ್ಲ. ಕೋಟೆಗಾದರೂ ಬಾಗಿಲು ಅಂತ ಒಂದಿರುತ್ತದೆ.

“ನಗಬೇಡ. ಈ ಸಲ ಕಿವಿಗೆ ಮಿಷನ್ ಹಾಕಿಸೇ ಹಾಕಿಸ್ತೀನಿ.”

“ಮಿಷನ್ ಹಾಕಿಸಿದರೆ ಶಬ್ದ ಕೇಳುತ್ತೆ ಗುಂಡಿಯಮ್ಮ. ಮಾತು ಕೇಳೋಕೆ ಮನಸ್ಸು ಬೇಕು.”

“ಮನಸ್ಸಿನ ವಿಚಾರ ಆಮೇಲೆ ನೋಡೋಣ. ಮೊದಲು ತೂತು ತೆರೀಲಿ!”

ಗುಂಡಿಯಮ್ಮನ ಯಜಮಾನರು ಬಟ್ಟೆ ಗಿರಣಿಯ ಬಾಯ್ಲರ್ ಮನೆಯಲ್ಲಿ ದುಡಿದು ನಿವೃತ್ತರಾದವರು. ಆವಿಯ ಬುಸುಗುಟ್ಟುವಿಕೆ, ಪಕ್ಕದ ಮಗ್ಗಗಳ ಗಡಗಡ ಕೇಳಿ ಕೇಳಿ ಪಾಪ ಕಿವಿ ಮಂದವಾಯಿತು ಎಂದು ಬೀದಿಯವರೆಲ್ಲ ಮರುಗುತ್ತಿದ್ದರು. ಗುಂಡಿಯಮ್ಮ ಮಾತ್ರ ಮರುಗುತ್ತಿರಲಿಲ್ಲ. ಮದುವೆಯಾದ ಹೊಸದರಲ್ಲಿ ಈ ಕಿವಿಗೆ ಗೋಡೆಯಾಚೆ ಬೆಕ್ಕು ನಡೆದರೂ ಕೇಳುತ್ತಿತ್ತು; ಪಕ್ಕದಲ್ಲಿ ಕೂತ ಹೆಂಡತಿಯ ಮಾತು ಆಗಲೂ ಕೇಳುತ್ತಿರಲಿಲ್ಲ. ಬಾಯ್ಲರ್ ಮಾಡಿದ್ದು ಇಷ್ಟೇ: ಅದುವರೆಗೆ ಬಾಯಿಮಾತಿನಲ್ಲಿ ನಡೆಯುತ್ತಿದ್ದ ಕಿವುಡಿಗೆ ಡಾಕ್ಟರ ಸಹಿ ಹಾಕಿಸಿಕೊಟ್ಟಿತು.

ಗುಂಡಿಯಮ್ಮನ ಉದ್ಯೋಗ ಅವಳ ಹೆಸರಿನಲ್ಲೇ ಇದೆ. ಸುತ್ತಮುತ್ತಲ ದರ್ಜಿಗಳು ಹೊಲಿದ ಅಂಗಿಗಳನ್ನು ಗಂಟು ಕಟ್ಟಿ ಅವಳ ಮುಂದಿನ ಕೋಣೆಗೆ ತಂದು ಹಾಕುತ್ತಾರೆ. ಗುಂಡಿ ತೂರಲು ಕಾಜಾ ಮಾಡಿ, ಗುಂಡಿ ಹಚ್ಚಿ ಕೊಡುವುದು ಅವಳ ಕೆಲಸ. ಕಾಜಾ ಹೊಲಿಗೆ ಕೈಗೂ ಕಣ್ಣಿಗೂ ಕೆಲಸ ಕೊಡುತ್ತದೆ, ಕಿವಿಗೆ ಕೊಡುವುದಿಲ್ಲ. ಹಾಗಾಗಿ ಬೀದಿಯ ಹೆಂಗಸರೆಲ್ಲ ಬಂದು ತಮ್ಮ ಸಂಕಟಗಳನ್ನು ಆ ಖಾಲಿ ಕಿವಿಗೆ ಸುರಿದು ಹಗುರಾಗಿ ಹೋಗುತ್ತಾರೆ. ಬೆಳಿಗ್ಗೆ ಸೊಸೆಯ ದೂರು ಹೇಳಲು ಅತ್ತೆ ಬಂದರೆ, ಅತ್ತೆಯ ದೂರು ಹೇಳಲು ಸೊಸೆ ಮಧ್ಯಾಹ್ನ ಬರುತ್ತಾಳೆ. ಎಲ್ಲವನ್ನೂ ಕೇಳಿಸಿಕೊಂಡು ಯಾರದನ್ನೂ ಯಾರಿಗೂ ಹೇಳದೆ ಇಟ್ಟುಕೊಂಡದ್ದರಿಂದ ಒಳಗೆ ಬರುವ ದಾರಿ ಹೆದ್ದಾರಿಯಾಯಿತು. ಅವಳದೇ ಮಾತು ಹೊರಗೆ ಹೋಗಲು ಮಾತ್ರ ಒಂದು ಕಿಂಡಿಯೂ ಇರಲಿಲ್ಲ.

ಆ ಮಾತೇನೂ ಬಹಳ ಉದ್ದದ್ದಲ್ಲ. ಅವಳ ಅಮ್ಮ ತೀರಿಕೊಂಡ ದಿನದ ಮಾತು. “ಅಮ್ಮನಿಗೆ ಬಹಳ ಹೆಚ್ಚಾಗಿದೆ, ನಿನ್ನನ್ನೇ ಕೇಳ್ತಾ ಇದ್ದಾಳೆ, ಈಗಲೇ ಹೊರಡಕ್ಕ” ಎಂದು ತಮ್ಮ ಬಂದು ಬಾಗಿಲಲ್ಲಿ ನಿಂತಿದ್ದ. ಅಂದು ಗಿರಣಿಯ ಮೇಲಧಿಕಾರಿ ಮನೆಗೆ ಊಟಕ್ಕೆ ಬರುವವನಿದ್ದ. “ನಾಳೆ ಹೋದರಾಯ್ತು, ಒಂದು ದಿನದಲ್ಲಿ ಏನು ಮುಳುಗಿಹೋಗುತ್ತೆ?” ಎಂದರು ಯಜಮಾನರು. ಮುಳುಗಿಹೋಯಿತು. ಎಲ್ಲ ಮುಗಿಸಿ ತವರಿನಿಂದ ಹಿಂತಿರುಗಿದವಳನ್ನು ಹೊಸ್ತಿಲಲ್ಲೇ ಅವರು ಕೇಳಿದ ಮೊದಲ ಪ್ರಶ್ನೆ: “ನನ್ನ ನೀಲಿ ಅಂಗಿ ಎಲ್ಲಿಟ್ಟಿದ್ದೀಯೇ?”

ಗುಂಡಿಯಮ್ಮ ನೀಲಿ ಅಂಗಿ ತೆಗೆದುಕೊಟ್ಟಳು, ಮಾತನ್ನು ನುಂಗಿಕೊಂಡಳು. ಬಟ್ಟೆಯೊಳಗೆ ಮರೆತು ಉಳಿದ ಸೂಜಿಯ ಹಾಗೆ ಅಂದಿನಿಂದ ಅದು ಒಳಗೇ ಓಡಾಡುತ್ತಿದೆ. ಹೇಳಲು ಎಷ್ಟೋ ಸಲ ಬಾಯಿ ತೆರೆದದ್ದುಂಟು. “ಈಗ ಯಾಕೆ ಆ ವಿಷಯ?” ಎಂದೋ, “ಏನು? ಜೋರಾಗಿ ಹೇಳು” ಎಂದೋ ಯಜಮಾನರು ಎದ್ದು ಹೋಗುತ್ತಿದ್ದರು. ತಾಯಿಯ ಸಾವನ್ನು ಯಾರಾದರೂ ಕಿರಿಚಿ ಹೇಳುತ್ತಾರೆಯೇ? ಗುಂಡಿಯಮ್ಮನಿಗೆ ಅವರಿಂದ ಕ್ಷಮಾಪಣೆಯೇನೂ ಬೇಕಾಗಿರಲಿಲ್ಲ. ಒಂದು ಸಲ, ಕೂತು, ಪೂರ್ತಿ ಕೇಳಿದರೆ ಸಾಕಿತ್ತು.

ಅಂತೂ ಯಜಮಾನರನ್ನು ಕಿವಿ ಮಿಷನ್ ಅಂಗಡಿಗೆ ಹೊರಡಿಸುವುದೇ ಒಂದು ದಂಡಯಾತ್ರೆಯಾಯಿತು.

“ನನಗೇನು ಕಿವಿ ಕೇಳಲ್ವಾ? ಎಲ್ಲಾ ಕೇಳುತ್ತೆ.”

“ಹಾಗಾದರೆ ಈಗ ನಾನು ಏನಂದೆ ಹೇಳಿ?”

“ಅದೇ... ದಿನಾ ಹೇಳೋದೇ.”

ಅಂಗಡಿಯ ಗೋಡೆಯ ಮೇಲೆ ಬಾಗಿಲಷ್ಟು ದೊಡ್ಡ ಕಿವಿಯ ಚಿತ್ರವಿತ್ತು. ಈ ಅಳತೆಯ ಕಿವಿ ಕೊಟ್ಟಿದ್ದರೂ ಇವರು ಅದನ್ನು ದಿಂಬು ಮಾಡಿಕೊಂಡು ಮಲಗುತ್ತಿದ್ದರು ಎಂದು ಗುಂಡಿಯಮ್ಮ ಮನಸ್ಸಿನಲ್ಲೇ ಅಂದುಕೊಂಡಳು. ಅಂಗಡಿಯವಳು ನಗುಮುಖದ ತರುಣಿ. ಹುಣಸೆ ಬೀಜದ ಗಾತ್ರದ ಎರಡು ಮಿಷನ್‌ಗಳನ್ನು ಯಜಮಾನರ ಕಿವಿಗಳಿಗೆ ಸಿಕ್ಕಿಸಿ, “ಕೇಳ್ತಾ ತಾತ?” ಎಂದಳು. ಯಜಮಾನರು ಚೇಳು ಕಚ್ಚಿದವರ ಹಾಗೆ ಹಾರಿಬಿದ್ದರು. ಗುಂಡಿಯಮ್ಮನಿಗೆ ಸ್ವರ್ಗ ಮೂರೇ ಗೇಣು! ಗೆದ್ದೆನೆಂದು ಬೀಗುತ್ತಾ, ಮೊಣಕಾಲಿಗೆ ಹಚ್ಚುವ ಎಣ್ಣೆ ತರಲು ಪಕ್ಕದ ಔಷಧಿ ಅಂಗಡಿಗೆ ಹೋದಳು.

ಅವಳು ಅತ್ತ ಹೋದಾಗ ಇತ್ತ ನಡೆದದ್ದು ಅವಳಿಗೆ ಗೊತ್ತಾಗಲಿಲ್ಲ. ನಿಮಗೆ ಈಗಲೇ ಹೇಳಿಬಿಡುತ್ತೇನೆ. ಫೋನ್ ಬಂದರೆ ನೇರ ಕಿವಿಯಲ್ಲೇ ಕೇಳಲಿ ಎಂದು ಅಂಗಡಿಯವಳು ಆ ಮಿಷನ್‌ಗಳನ್ನು ಯಜಮಾನರ ಜೇಬಿನ ಫೋನಿಗೆ ಜೋಡಿಸಿದಳು. ಸರಿಯಾಗಿದೆಯೋ ಇಲ್ಲವೋ ನೋಡಲು ಫೋನಿನಲ್ಲಿ ಒಂದು ನಾಟಕ ಹಾಕಿದಳು. ಕಣ್ಣಿಗೆ ಕಾಣುವ ನಾಟಕವಲ್ಲ, ಬರೀ ಕಿವಿಗೆ ಕೇಳುವ ನಾಟಕ. ಹೆಸರು ‘ಗಂಟೆಯೊಳಗಿನ ರಾಣಿ.’

“ಇದರಲ್ಲಿ ಇತಿಹಾಸಾನೂ ಇದೆ, ವಿಜ್ಞಾನಾನೂ ಇದೆ ತಾತ. ಒಂದು ಕಂತು ಮುಗಿದರೆ ಇನ್ನೊಂದು ತಾನಾಗೇ ಬರುತ್ತೆ.”

ಕಥೆ ಹೀಗೆ. ಹಳೆಯ ಕಾಲದ ಒಂದು ಕೋಟೆ, ಅದಕ್ಕೊಬ್ಬ ರಾಣಿ. ಆಸ್ಥಾನದ ಕಂಚುಗಾರ ಆಳೆತ್ತರದ ಒಂದು ಗಂಟೆ ಎರಕ ಹೊಯ್ದಿದ್ದಾನೆ. ಅದರೊಳಗೆ ನಿಂತು ಹೊರಗಿನಿಂದ ಹೊಡೆಸಿದರೆ, ನಿಂತವರು ಕಾಲವನ್ನೇ ದಾಟಿ ನಾಳೆಗೋ ನಿನ್ನೆಗೋ ಹೋಗಿಬಿಡುತ್ತಾರೆ! ರಾಣಿ ನಾಳೆಗೆ ಹೋಗಿ ಶತ್ರು ಯಾವ ಬಾಗಿಲಿಗೆ ಬರುತ್ತಾನೆಂದು ನೋಡಿಕೊಂಡು ಇವತ್ತಿಗೆ ಮರಳಿ ಬಂದು ಆ ಬಾಗಿಲು ಭದ್ರಪಡಿಸುತ್ತಾಳೆ. ಅವಳ ಸೈನ್ಯದಲ್ಲಿ ಹೊಟ್ಟೆಯೊಳಗೆ ಬಾಯ್ಲರ್ ಇಟ್ಟುಕೊಂಡು ಆವಿಯಿಂದ ನಡೆಯುವ ಒಂದು ತಾಮ್ರದ ಆನೆ ಬೇರೆ!

ಬಾಯ್ಲರ್ ಎಂಬ ಶಬ್ದ ಕಿವಿಗೆ ಬಿದ್ದದ್ದೇ ತಡ, ಯಜಮಾನರು ಕುರ್ಚಿಯಲ್ಲಿ ನೆಟ್ಟಗಾದರು. ಬದುಕಿನಲ್ಲಿ ಮೊದಲ ಸಲ ಪ್ರೇಮದಲ್ಲಿ ಬಿದ್ದರು. ಕಿವಿ ಮಿಷನ್ ಕೊಂಡವರಿಗೆಲ್ಲ ಅದರ ಜೊತೆಗೇ ಒಂದು ಕಥೆಯೂ ಬರುತ್ತದೆ, ಕೋಟಿನ ಜೊತೆ ಹೆಚ್ಚಿನ ಗುಂಡಿ ಬರುವ ಹಾಗೆ, ಎಂದು ಅವರು ತಿಳಿದರು. ಅದನ್ನು ಯಾರಿಗಾದರೂ ಬೇರೆಯಾಗಿ ಹೇಳಬೇಕು ಅಂತಲೂ ಅವರಿಗೆ ಅನ್ನಿಸಲಿಲ್ಲ.

ಮಾರನೆಯ ದಿನದಿಂದ ಗುಂಡಿಯಮ್ಮನ ಮನೆಯಲ್ಲಿ ಪವಾಡ ಶುರುವಾಯಿತು. ಯಾವತ್ತೂ ಬೀದಿ ಬಾಗಿಲಿಗೆ ಮುಖ ಮಾಡಿ ಕೂರುತ್ತಿದ್ದ ಯಜಮಾನರು ಕುರ್ಚಿ ಎಳೆದುಕೊಂಡು ಬಂದು ಅವಳ ಹೊಲಿಗೆಯ ಚಾಪೆಯ ಪಕ್ಕ ಕೂತರು. ಬೆಳಕು ಆ ಕಿಟಕಿಯಲ್ಲಿ ಚೆನ್ನಾಗಿತ್ತೋ, ಗಾಳಿ ಬರುತ್ತಿತ್ತೋ, ದೇವರಿಗೇ ಗೊತ್ತು. ಗುಂಡಿಯಮ್ಮ ಹೆದರಿ ಹೆದರಿ ಒಂದು ಸಣ್ಣ ಮಾತು ಬಿಟ್ಟಳು.

“ದರ್ಜಿ ಈ ಸಲ ದಾರ ಕಳಪೆ ಕೊಟ್ಟಿದ್ದಾನೆ ಕಣ್ರೀ. ಎಳೆದರೆ ಪಟ್ ಅನ್ನುತ್ತೆ.”

“ಹೂಂ.”

ಹೂಂ! ಗೊಣಗುವ ಹೂಂ ಅಲ್ಲ, ಕಥೆಗೆ ಹೂಂಗುಟ್ಟುವ ಹೂಂ! ಸ್ವಲ್ಪ ಹೊತ್ತಿಗೆ, “ಆಮೇಲೆ?” ಎಂದರು. ಗುಂಡಿಯಮ್ಮನ ಕೈಯಿಂದ ಗುಂಡಿ ಜಾರಿ ಬಿತ್ತು. ದಾರ ಕಳಪೆ ಎಂಬುದಕ್ಕೆ ಆಮೇಲೆ ಏನಿರುತ್ತದೆ? ಆದರೂ ಇಷ್ಟು ವರ್ಷಕ್ಕೆ ಒಂದು ‘ಆಮೇಲೆ’ ಹುಟ್ಟಿದೆಯಲ್ಲ, ಹಸಿದು ಸಾಯಲು ಬಿಡಬಾರದೆಂದು ಅವಳು ದರ್ಜಿಯ ವಂಶಾವಳಿಯನ್ನೇ ಹೇಳಿದಳು. ಯಜಮಾನರು ಕಣ್ಣರಳಿಸಿ ಕೇಳಿದರು. ನಡುನಡುವೆ “ಭಲೇ!” ಎಂದರು.

ಧೈರ್ಯ ಬಂದು ಮರುದಿನ ನಾದಿನಿಯ ಪ್ರಕರಣಕ್ಕೆ ಕೈ ಹಾಕಿದಳು.

“ನಿಮ್ಮ ತಂಗಿ ಬಂದಾಗೆಲ್ಲ ನನ್ನ ಪೆಟ್ಟಿಗೆ ಬಗೆದು ಒಳ್ಳೊಳ್ಳೆ ಬಟ್ಟೇನೇ ಎತ್ತಿಕೊಂಡು ಹೋಗ್ತಿದ್ದಳು. ನೀವು ಒಂದು ದಿನಾನೂ ಬೇಡ ಅನ್ನಲಿಲ್ಲ.”

ಯಜಮಾನರ ಕಣ್ಣು ಕೆಂಡವಾಯಿತು. “ಲೂಟಿ! ಹಾಡಹಗಲೇ ಲೂಟಿ!”

“ಅಷ್ಟು ದೊಡ್ಡ ಮಾತು ಬೇಡ ಬಿಡಿ...”

“ಬಾಗಿಲು ಹಾಕಿಕೊಂಡು ಮೇಲಿನಿಂದ ಕಾದ ಎಣ್ಣೆ ಸುರೀಬೇಕು!”

ಬದುಕಿನಲ್ಲೇ ಮೊದಲ ಸಲ ಗುಂಡಿಯಮ್ಮನಿಗೆ ನಾದಿನಿಯ ಮೇಲೆ ಕನಿಕರ ಹುಟ್ಟಿತು. “ಅಯ್ಯೋ, ಅವಳೂ ಈಗ ಮುದುಕಿ ಕಣ್ರೀ. ಎಣ್ಣೆ ಗಿಣ್ಣೆ ಎಲ್ಲ ಬೇಡ. ನಿಮಗೆ ಗೊತ್ತಾಯ್ತಲ್ಲ, ಅಷ್ಟು ಸಾಕು.”

ಹೀಗೆ ದಿನಗಳು ಹಬ್ಬವಾದವು. ಊಟಕ್ಕೆ ಕರೆದರೆ ಯಜಮಾನರು ಏಳುತ್ತಿರಲಿಲ್ಲ ನಿಜ. ‘ಬೆಂಕಿಪೊಟ್ಟಣ ಕೊಡಿ’ ಎಂದರೆ ‘ಸೇನಾಪತಿ ದ್ರೋಹಿ’ ಎನ್ನುತ್ತಿದ್ದರು. ಗುಂಡಿಯಮ್ಮ ಅದನ್ನೆಲ್ಲ ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಹೊಸ ಕಿವಿ, ಇನ್ನೂ ಹದಕ್ಕೆ ಬರಬೇಕು ಎಂದುಕೊಂಡಳು. ಪ್ರೀತಿ ಕುರುಡು ಅಂತಾರೆ, ಕಿವುಡೂ ಹೌದು.

ಇಸ್ತ್ರಿಯಕ್ಕನ ಮುಂದೆ ಅವಳು ಕೊಚ್ಚಿಕೊಂಡದ್ದನ್ನು ಏನು ಹೇಳಲಿ!

“ನಮ್ಮವರು ಈಗ ನಾನು ಬಾಯಿ ಬಿಟ್ಟರೆ ಸಾಕು, ಮುಂದೆ ಏನು ಮುಂದೆ ಏನು ಅಂತಾರೆ.”

“ನಮ್ಮವರು ಬಾಯಿ ಬಿಟ್ಟರೆ ಸಾಕು, ಮುಗೀತಾ ಅಂತಾರೆ,” ಎಂದು ಇಸ್ತ್ರಿಯಕ್ಕ ನಿಟ್ಟುಸಿರು ಬಿಟ್ಟಳು. “ಅವರಿಗೂ ಒಂದು ಜೊತೆ ಮಿಷನ್ ಹಾಕಿಸಿಬಿಡ್ತೀನಿ.”

“ನಿನ್ನ ಗಂಡನಿಗೆ ಕಿವಿ ಚೆನ್ನಾಗೇ ಇದೆಯಲ್ಲೇ?”

“ಇದ್ದು ಏನು ಬಂತು ಭಾಗ್ಯ?”

ಕೊನೆಗೆ ಒಂದು ಮಧ್ಯಾಹ್ನ, ಬೀದಿ ನಿಶ್ಶಬ್ದವಾಗಿದ್ದಾಗ, ಗುಂಡಿಯಮ್ಮ ಕೈಯಲ್ಲಿದ್ದ ಅಂಗಿಯನ್ನು ಮಡಿಲಲ್ಲಿಟ್ಟು ಆ ಮಾತನ್ನು ಹೊರಗೆ ತೆಗೆದಳು. ತಮ್ಮ ಬಾಗಿಲಲ್ಲಿ ನಿಂತದ್ದು. ಇವಳು ಒಲೆಯ ಮುಂದೆ ನಿಂತು ಕಣ್ಣೊರೆಸಿಕೊಳ್ಳುತ್ತಾ ಯಾರೋ ಅಧಿಕಾರಿಗೆ ಅಡುಗೆ ಮಾಡಿದ್ದು. ಆತ ಉಪ್ಪು ಜಾಸ್ತಿ ಎಂದದ್ದು. ಅತ್ತ ಅಮ್ಮ ಬಾಗಿಲ ಕಡೆಗೇ ಕಣ್ಣಿಟ್ಟುಕೊಂಡು ಹೋಗಿಬಿಟ್ಟದ್ದು. ಆಮೇಲೆ ನೀಲಿ ಅಂಗಿ. ಒಂದನ್ನೂ ಬಿಡಲಿಲ್ಲ, ಒಂದನ್ನೂ ಸೇರಿಸಲಿಲ್ಲ. ಹೇಳುತ್ತಾ ಹೇಳುತ್ತಾ ಅವಳ ಕಣ್ಣು ತುಂಬಿ ಹರಿಯಿತು.

ತಲೆಯೆತ್ತಿ ನೋಡಿದರೆ ಯಜಮಾನರೂ ಅಳುತ್ತಿದ್ದಾರೆ! ಕಲ್ಲಿದ್ದಲು ತಿಂದು ಕಲ್ಲಾದ ಆ ಮುಖದ ಮೇಲೆ ಕಣ್ಣೀರು ಧಾರಾಕಾರವಾಗಿ ಇಳಿಯುತ್ತಿದೆ!

“ತಡವಾಗಿಹೋಯ್ತಲ್ಲೇ,” ಎಂದು ಬಿಕ್ಕಿದರು. “ಒಂದು ಗಳಿಗೆ ಮುಂಚೆ ಹೋಗಿದ್ದರೆ ಬದುಕ್ತಾ ಇತ್ತಲ್ಲೇ!”

ಅಮ್ಮನನ್ನು ‘ಇತ್ತು’ ಎಂದದ್ದಕ್ಕೆ ಗುಂಡಿಯಮ್ಮನಿಗೆ ಒಂದಿಷ್ಟು ಕಸಿವಿಸಿಯಾಯಿತು. ದುಃಖದಲ್ಲಿರುವ ಗಂಡಸಿಗೆ ಮಾತು ನೆಟ್ಟಗೆ ಬರುತ್ತದೆಯೇ ಎಂದು ಸಮಾಧಾನ ಮಾಡಿಕೊಂಡಳು. ಸೆರಗಿನಿಂದ ಅವರ ಕಣ್ಣು ತಾನೇ ಒರೆಸಿದಳು. “ಹೋಗಲಿ ಬಿಡಿ, ನೀವು ಅತ್ತಿರಲ್ಲ, ಅಷ್ಟೇ ಸಾಕು,” ಎಂದಳು. ನೀಲಿ ಅಂಗಿಯನ್ನು ಕ್ಷಮಿಸಿದಳು. ಅಧಿಕಾರಿಯನ್ನು ಕ್ಷಮಿಸಿದಳು. ಗಿರಣಿಯನ್ನೂ ಅದರ ಹೊಗೆಕೊಳವೆಯನ್ನೂ ಕ್ಷಮಿಸಿದಳು. ಇಷ್ಟು ವರ್ಷ ಎದೆಯಲ್ಲಿ ಓಡಾಡಿದ ಸೂಜಿ ಸಲೀಸಾಗಿ ಹೊರಗೆ ಬಂದಂತಾಗಿ, ಅಂದು ಸಂಜೆ ಪಾತ್ರೆ ತೊಳೆಯುವಾಗ ಗುನುಗಿಕೊಂಡಳು ಕೂಡ. ತಾನು ಗುನುಗುತ್ತಿದ್ದೇನೆಂದು ಗೊತ್ತಾಗಿ ನಾಚಿದಳು.

ಆ ಸುಖ ನಾಲ್ಕು ದಿನ ನಿಂತಿದ್ದರೆ ಯಾರ ಗಂಟು ಹೋಗುತ್ತಿತ್ತೋ!

ಮಾರನೆಯ ದಿನವೇ ಯಜಮಾನರು ಕುರ್ಚಿಯಿಂದ ಚಂಗನೆ ಎದ್ದು ಎರಡೂ ಕಿವಿ ಹಿಡಿದುಕೊಂಡು ಕೂಗಿದರು.

“ನಿಂತುಹೋಯ್ತು! ಗಂಟೆ ಹೊಡೀತಾ ಹೊಡೀತಾ ನಿಂತುಹೋಯ್ತು! ರಾಣಿ ಒಳಗೇ ಸಿಕ್ಕಿಹಾಕಿಕೊಂಡಿದ್ದಾಳೆ ಕಣೇ!”

“ಯಾವ ರಾಣಿ? ಎಲ್ಲಿ?” ಗುಂಡಿಯಮ್ಮ ಸೂಜಿ ಬಿಟ್ಟು ಎದ್ದಳು. ಅತ್ತು ಅತ್ತು ತಲೆ ಕೆಟ್ಟಿತೇನೋ! ಎಂಥ ಪಾಪ ಮಾಡಿದೆ, ಅಷ್ಟು ಹಳೆಯ ದುಃಖವನ್ನು ಒಂದೇ ಸಲ ಸುರಿಯಬಾರದಿತ್ತು!

“ಅಂಗಡಿಗೆ ನಡಿ! ಬೇಗ! ಅವಳಿಗೆ ಉಸಿರು ಕಟ್ಟುತ್ತೆ!”

ಕಿವಿ ಅಂಗಡಿಯಲ್ಲಿ ಆ ಹೊತ್ತಿಗೆ ಇಸ್ತ್ರಿಯಕ್ಕ ತನ್ನ ಗಂಡನನ್ನು ತೋಳು ಹಿಡಿದು ಕೂರಿಸಿಕೊಂಡಿದ್ದಳು. ಅವಮಾನಕ್ಕೆ ಸಾಕ್ಷಿಗಳು ಬೇಕಲ್ಲ, ಮೊದಲೇ ಬಂದು ಜಾಗ ಹಿಡಿದಿದ್ದರು. ಅಂಗಡಿಯವಳು ಯಜಮಾನರ ಫೋನ್ ತೆಗೆದು ನೋಡಿ ನಕ್ಕಳು.

“ಮಿಷನ್ ಸರಿಯಾಗೇ ಇದೆ ತಾತ. ರಾತ್ರಿ ಚಾರ್ಜಿಗೆ ಹಾಕೋದು ಮರೆತಿದ್ದೀರಿ, ಅದಕ್ಕೇ ಕಥೆ ನಿಂತಿದೆ.”

“ಯಾವ ಕಥೆ?” ಎಂದಳು ಗುಂಡಿಯಮ್ಮ.

ಅಂಗಡಿಯವಳು ಫೋನನ್ನು ಚಾರ್ಜಿಗೆ ಸಿಕ್ಕಿಸಿ ಎಲ್ಲ ಬಿಡಿಸಿ ಹೇಳಿದಳು. ಜೇಬಿನ ಫೋನು, ಕಿವಿಯ ಮಿಷನ್ನು, ಕೋಟೆ, ರಾಣಿ, ಗಂಟೆ, ಆನೆ. ಫೋನಿಗೆ ಜೀವ ಬಂದ ಮೇಲೆ ಅದನ್ನು ನೋಡಿ, “ಅಬ್ಬಾ, ಬೆಳಿಗ್ಗೆಯಿಂದ ಸಂಜೆವರೆಗೂ ದಿನಾ ಕೇಳಿದ್ದಾರೆ!” ಎಂದು ಮೆಚ್ಚಿಕೊಂಡಳು.

ಗುಂಡಿಯಮ್ಮ ಬಹಳ ಮೆಲ್ಲಗೆ ಕೇಳಿದಳು. “ಅಲ್ಲಮ್ಮ, ಅದು ಓಡ್ತಾ ಇರುವಾಗ ಪಕ್ಕದಲ್ಲಿ ಕೂತವರು ಮಾತಾಡಿದರೆ ಕೇಳಿಸುತ್ತಾ?”

“ಇಲ್ಲವೇ ಇಲ್ಲ! ಅದೇ ಇದರ ವಿಶೇಷ ಅಮ್ಮ. ಕಥೆ ಶುರುವಾದ ತಕ್ಷಣ ಹೊರಗಿನ ಗಲಾಟೆಯೆಲ್ಲ ತಾನಾಗೇ ನಿಂತುಹೋಗುತ್ತೆ.”

ಹೊರಗಿನ ಗಲಾಟೆ ಅಲ್ಲೇ ಇದ್ದ ಕುರ್ಚಿಯ ಮೇಲೆ ಕುಸಿದು ಕೂತಿತು. ಅಲ್ಲಿಂದಲೇ ಗಂಡನ ಕಡೆ ತಿರುಗಿತು.

“ಮತ್ತೆ ನಿನ್ನೆ ಅತ್ತಿರಲ್ಲ?”

“ಅಳದೇ ಇರ್ತಾರೇನೇ? ಆನೆ ಸತ್ತುಹೋಯ್ತು! ಬಾಯ್ಲರಿನಲ್ಲಿ ಆವಿ ಏರಿದೆ, ವಾಲ್ವ್ ತೆರೆಯೋ ಮುಂಡೇವು ತಡ ಮಾಡಿದವು. ನಾನಲ್ಲಿ ಇದ್ದಿದ್ದರೆ ಒಡೆಯೋಕೆ ಬಿಡ್ತಿದ್ದೆನಾ?” ಯಜಮಾನರು ಮತ್ತೆ ಕಣ್ಣೊರೆಸಿಕೊಂಡರು. ಆಮೇಲೆ ಆಶ್ಚರ್ಯದಿಂದ, “ನೀನೂ ಅಳ್ತಾ ಇದ್ದೆಯಲ್ಲೇ? ನಿನಗೂ ಕೇಳಿಸ್ತಾ ಇದೆ ಅಂತಲೇ ನಾನು ಅಂದುಕೊಂಡಿದ್ದೆ,” ಎಂದರು.

ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದಂತೆ. ಇಲ್ಲಿ ಮಾನ ಹೋದದ್ದೇ ಆನೆಯಿಂದ, ಅದೂ ತಾಮ್ರದ್ದು! ಗುಂಡಿಯಮ್ಮ ಇಸ್ತ್ರಿಯಕ್ಕನ ಮುಖ ನೋಡಲಿಲ್ಲ. ಇಸ್ತ್ರಿಯಕ್ಕ ಒಳ್ಳೆಯವಳು, ನಗಲಿಲ್ಲ. ಗಂಡನ ತೋಳು ಬಿಟ್ಟು, “ಏಳಿ ಮನೆಗೆ. ದೇವರು ಕೊಟ್ಟ ಕಿವಿಯೇ ಸಾಕು,” ಎಂದಳು.

ಅಲ್ಲಿಯವರೆಗೆ ಹರಕೆಯ ಕುರಿಯ ಹಾಗೆ ಕೂತಿದ್ದ ಅವಳ ಗಂಡ ಕುರ್ಚಿಯ ಕೈ ಭದ್ರವಾಗಿ ಹಿಡಿದುಕೊಂಡ. “ಇಲ್ಲ ಇಲ್ಲ. ಇಂಥದೇ ನನಗೂ ಬೇಕು!”

ಅಂಗಡಿಯವಳು ಗುಂಡಿಯಮ್ಮನ ಕೈ ಹಿಡಿದು ಎಬ್ಬಿಸಿದಳು. ಪಕ್ಕಕ್ಕೆ ಕರೆದು ಫೋನಿನಲ್ಲಿ ಒಂದು ಗುರುತು ತೋರಿಸಿದಳು. “ಅಮ್ಮ, ಇದನ್ನು ಒತ್ತಿ ಫೋನಿನ ಹತ್ತಿರ ಮಾತಾಡಿ. ನೀವು ಇನ್ನೊಂದು ಕೋಣೆಯಲ್ಲಿದ್ದರೂ ನಿಮ್ಮ ಮಾತು ನೇರ ತಾತನ ಕಿವಿಯೊಳಗೇ ಹೋಗುತ್ತೆ. ಆಗ ಕಥೆ ನಿಂತಿರುತ್ತೆ.”

“ಪಿಸುಗುಟ್ಟಿದರೂ?”

“ಪಿಸುಗುಟ್ಟಿದರೂ. ಸ್ವಲ್ಪ ಬೇರೆ ಥರ ಕೇಳಬಹುದು, ಆದರೆ ಒಂದಕ್ಷರ ತಪ್ಪಲ್ಲ.”

ಮನೆಗೆ ಬಂದ ಮೇಲೆ ಯಜಮಾನರು ಮಿಷನ್ ಕಳಚಿಟ್ಟು, ಆನೆಯ ಸಾವಿನ ಸುದ್ದಿಯನ್ನು ಹಳೆಯ ಗಿರಣಿಯ ಗೆಳೆಯರಿಗೆ ತಿಳಿಸಲು ಹೊರಟರು. ಚಾರ್ಜಿಗೆ ಹಾಕಿದ ಫೋನು ಅಡುಗೆಮನೆಯಲ್ಲಿತ್ತು. ತನ್ನ ಸವತಿಯ ಮುಖವನ್ನಾದರೂ ನೋಡೋಣ, ಅಂದರೆ ಕೇಳೋಣ, ಎಂದು ಗುಂಡಿಯಮ್ಮ ಅದನ್ನು ಒತ್ತಿ, ಹಲ್ಲು ಕಚ್ಚಿಕೊಂಡು, ಅಂಗಿಗೆ ಗುಂಡಿ ಹಚ್ಚುತ್ತಾ, ಮೊದಲ ಕಂತಿನಿಂದ ಕೇಳಿದಳು. ಬೈಯಲೆಂದೇ ಕೂತವಳಿಗೆ ಬೈಗುಳ ಬರಲಿಲ್ಲ. ಅಯ್ಯೋ ದೇವರೇ, ಕಥೆ ಬಹಳ ಚೆನ್ನಾಗಿತ್ತು! ಎರಕ ಹೊಯ್ಯುವ ಸದ್ದು, ಕೋಟೆಯ ಮೆಟ್ಟಿಲಲ್ಲಿ ಓಡುವ ಕಾಲುಗಳು, ಗಂಟೆಯ ನಾದ ಮುಗಿದ ಮೇಲಿನ ಆ ಮೌನ. ಮಾತಿನ ಮೇಲೆ ಬದುಕಿದವಳಿಗೆ ಮೌನದ ಬೆಲೆ ಗೊತ್ತು. ರಾಣಿಯ ಮಾತು ಚಿಕ್ಕದು. ಅವಳು “ಕೇಳಿ” ಅಂದರೆ ಇಡೀ ಕೋಟೆ ಕೇಳುತ್ತಿತ್ತು. ತನಗೇ ಗೊತ್ತಿಲ್ಲದೆ “ಆಮೇಲೆ?” ಎಂದು ಗಟ್ಟಿಯಾಗಿ ಕೇಳಿ ಗುಂಡಿಯಮ್ಮ ನಾಲಿಗೆ ಕಚ್ಚಿಕೊಂಡಳು. ಕೈಯಲ್ಲಿದ್ದ ಅಂಗಿಯನ್ನು ನೋಡಿದರೆ ತೋಳಿನ ಬಾಯನ್ನೇ ಹೊಲಿದು ಮುಚ್ಚಿದ್ದಳು!

ಆಗ ಅವಳಿಗೆ ಬುದ್ಧಿ ಹೊಳೆಯಿತು. ತಾನು ಸೋತದ್ದು ಮಾತಿನಲ್ಲಲ್ಲ, ಹೇಳುವ ಠೀವಿಯಲ್ಲಿ. ರಾಣಿಯ ಹಾಗೆ ಹೇಳಿದರೆ ಯಾವ ಕಿವಿ ಕೇಳುವುದಿಲ್ಲ?

ಯಜಮಾನರು ವಾಪಸು ಬಂದು ಮಿಷನ್ ಸಿಕ್ಕಿಸಿಕೊಂಡು ಮುಂದಿನ ಕೋಣೆಯ ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕೂತರು.

“ಏನೇ, ಫೋನಿಗೆ ಚಾರ್ಜ್ ಆಯ್ತಾ? ಕಥೆ ಹಾಕೇ!”

“ಹಾಕ್ತೀನಿ!”

ಅಡುಗೆಮನೆಯ ಮೂಲೆಯಲ್ಲಿ ನಿಂತು ಗುಂಡಿಯಮ್ಮ ಅಂಗಡಿಯವಳು ತೋರಿಸಿದ ಗುರುತನ್ನು ಒತ್ತಿದಳು. ‘ನೀವು’ ಎಂದು ಶುರು ಮಾಡಲು ಹೋದರೆ ನಾಲಿಗೆ ಏಳಲಿಲ್ಲ. ಇಷ್ಟು ವರ್ಷ ಏಳದ್ದು ಇವತ್ತು ಏಳುತ್ತದೆಯೇ? ರಾಣಿಯನ್ನು ನೆನೆದುಕೊಂಡು, ಬೆನ್ನು ನೆಟ್ಟಗೆ ಮಾಡಿ, ದನಿ ಇಳಿಸಿ ಹೇಳಿದಳು.

“ಕೇಳಿ. ಒಬ್ಬ ಹೆಂಗಸಿದ್ದಳು.”

ಹೇಳಿದಳು. ತಾಯಿಗೆ ಹೆಚ್ಚಾಗಿದೆ ಎಂದು ತಮ್ಮ ಬಂದದ್ದು, ಗಂಡ ನಾಳೆ ಹೋಗು ಅಂದದ್ದು, ಅಡುಗೆ, ಉಪ್ಪು, ಬಾಗಿಲು ನೋಡುತ್ತಲೇ ಮುಚ್ಚಿದ ತಾಯಿಯ ಕಣ್ಣು, ನೀಲಿ ಅಂಗಿ, ಅಂದಿನಿಂದ ವರ್ಷಗಟ್ಟಲೆ ನುಂಗಿಕೊಂಡ ಮಾತು. ಒಂದು ಮಾತು ಹೆಚ್ಚಿಲ್ಲ, ಒಂದು ಮಾತು ಕಡಿಮೆಯಿಲ್ಲ. ಕೊನೆಗೆ ರಾಣಿಯ ಠೀವಿ ತಾನಾಗಿ ಕಳಚಿ ಬಿತ್ತು.

“ಆ ಗಂಟೆಯೊಳಗೆ ನನಗೊಂದು ಸಲ ನಿಲ್ಲೋಕೆ ಸಿಕ್ಕರೆ ನಾಳೆಗೆ ಹೋಗಲ್ಲ. ಆ ದಿನಕ್ಕೆ ಹೋಗ್ತೀನಿ. ಒಲೆ ಆರಿಸಿ, ಚಪ್ಪಲೀನೂ ಹಾಕದೆ ಓಡಿಹೋಗಿ ಅಮ್ಮನ ಕೈ ಹಿಡ್ಕೊಂಡು ಕೂರ್ತೀನಿ. ಅಷ್ಟೇ ನನಗೆ ಬೇಕಾಗಿದ್ದು.”

ಮುಂದಿನ ಕೋಣೆಯಲ್ಲಿ ಕುರ್ಚಿ ದಡಕ್ಕನೆ ಹಿಂದೆ ಸರಿದ ಸದ್ದಾಯಿತು. ಯಜಮಾನರು ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು. ಕಣ್ಣು ಕೆಂಪಾಗಿತ್ತು.

“ಕೇಳಿಸ್ತಾ?” ಎಂದಳು ಗುಂಡಿಯಮ್ಮ.

“ಒಂದೊಂದು ಅಕ್ಷರಾನೂ!” ಯಜಮಾನರು ಮುಷ್ಟಿ ಬಿಗಿದರು. “ಥೂ! ಅವನೂ ಒಬ್ಬ ಗಂಡಸೇನೇ? ಹೆತ್ತ ತಾಯಿ ಅಲ್ಲಿ ಜೀವ ಹಿಡಿದುಕೊಂಡು ದಾರಿ ಕಾಯ್ತಿದ್ದಾಳೆ, ಇಲ್ಲಿ ಇವನ ಅಧಿಕಾರಿಗೆ ಊಟ ಬಡಿಸಬೇಕಂತೆ! ಕೈಗೆ ಸಿಕ್ಕರೆ ಬಾಯ್ಲರಿಗೆ ತುಂಬಿಬಿಡ್ತೀನಿ ಅವನನ್ನ! ಆ ಕಾಲದ ಗಂಡಸರೇ ಹಾಗೆ, ಕಟುಕರು!”

“ಯಾವ ಕಾಲದ?”

“ಅದೇ ಕಣೇ, ರಾಣಿ ಕಾಲದ. ಹೊಸ ಪಾತ್ರ ತಂದಿದ್ದಾರೆ ಇವತ್ತು. ಯಾರೋ ಮುದುಕಿ, ಪಾಪ. ದನಿಯಲ್ಲೇ ಕರುಳು ಕಿತ್ತುಬರುತ್ತೆ. ಅವಳಿಗೂ ಗಂಟೆ ಬೇಕಂತೆ. ರಾಣಿ ಕೊಟ್ಟೇ ಕೊಡ್ತಾಳೆ ನೋಡು, ಕೊಡದಿದ್ದರೆ ಅವಳು ರಾಣಿಯೇ ಅಲ್ಲ.” ಮೂಗು ಒರೆಸಿಕೊಂಡರು. “ಆದರೂ ಆ ಹೆಂಗಸಿಂದೂ ತಪ್ಪಿದೆ.”

“ಅವಳದೇನು ತಪ್ಪು?”

“ಅಷ್ಟು ವರ್ಷ ಬಾಯಿ ಮುಚ್ಚಿಕೊಂಡು ಕೂತಳಲ್ಲ! ಗಂಡನ್ನ ಎದುರಿಗೆ ಕೂರಿಸಿಕೊಂಡು ಒಂದು ಮಾತು ಹೇಳಬಾರದಿತ್ತಾ? ಎಂಥವನಾದರೂ ಕೇಳ್ತಿದ್ದ. ಈಗ ನೀನೇ ಹೇಳು, ನಿನಗೆ ಅಂಥ ನೋವು ಏನಾದರೂ ಇದ್ದಿದ್ದರೆ ನನ್ನ ಹತ್ತಿರ ಹೇಳ್ತಿರಲಿಲ್ವಾ? ನಾನು ಕೇಳ್ತಿರಲಿಲ್ವಾ?”

ಗುಂಡಿಯಮ್ಮ ಅವರನ್ನೇ ನೋಡಿದಳು. ಉಸಿರು ತುಂಬಿಕೊಂಡು ಬಾಯಿ ತೆರೆದಳು. ಬೆರಳು ಕೈಯಲ್ಲಿದ್ದ ಫೋನಿನಲ್ಲಿ ಎಲ್ಲಿ ತಾಗಿತೋ ಏನೋ.

“ತಡಿ ತಡಿ, ಮಾತಾಡಬೇಡ,” ಎಂದು ಅಂಗೈ ಎತ್ತಿದ ಯಜಮಾನರು ಆಗಲೇ ಕುರ್ಚಿಯ ಕಡೆ ಓಡುತ್ತಿದ್ದರು, “ರಾಣಿ ಬಂದಳು!”